ಬಾಗಿಲು ಎಲ್ಲಿ ತೆಗೀಬೇಕು ಮೇಡಂ?

ರಸ್ತೆ ಬದಿಯ ನಾಲ್ಕು ಗ್ಯಾರೇಜುಗಳಿಗೆ ಒಂದೇ ಸೂರು ಕಟ್ಟಿಕೊಡುವ ಕೆಲಸ ಬಂದಾಗ, ಇದೇನು ಮಹಾ ಅಂದುಕೊಂಡಿದ್ದೆ. ಕಾರು ನಿಲ್ಲಿಸುವ ಜಾಗದ ಲೆಕ್ಕ ನಮಗೆ ಬಾಯಿಪಾಠ: ಅಗಲ 2.5 ಮೀಟರ್, ಉದ್ದ 5. ಒಂದರ ಪಕ್ಕ ಒಂದು ಜೋಡಿಸಿ, ನಡುವೆ ಕಂಬ, ಗೋಡೆ ಎಬ್ಬಿಸಿ ನಕ್ಷೆ ಒಯ್ದೆ. ಹಿರಿಯ ಮೆಕ್ಯಾನಿಕ್ ಗ್ರೀಸ್ ಹತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡರು. ಕಾಗದ ಮುಟ್ಟಲಿಲ್ಲ, ಬಗ್ಗಿ ನೋಡಿ ಕೇಳಿದರು: "ಬಾಗಿಲು ಎಲ್ಲಿ ತೆಗೀಬೇಕು ಮೇಡಂ?"

ಕಟ್ಟಡದ ಬಾಗಿಲು ಎಂದು ತಿಳಿದು ನಾನು ಷಟರ್ ತೋರಿಸಿದೆ. ಅವರು ಕೇಳಿದ್ದು ಕಾರಿನ ಬಾಗಿಲು.

1.8 ಮೀಟರ್ ಅಗಲದ ಕಾರಿನ ಎರಡೂ ಬದಿ ಬಾಗಿಲು ಪೂರ್ತಿ ತೆಗೆದರೆ ಮೂರೂವರೆ ಮೀಟರ್ ದಾಟುತ್ತದೆ. ಡ್ಯಾಶ್‌ಬೋರ್ಡಿನ ಅಡಿ ತಲೆ ತೂರಿಸಿ ವೈರಿಂಗ್ ಹುಡುಕುವವನ ಕಾಲು ಹೊರಗೇ ಚಾಚಿರುತ್ತದೆ. ಆ ಕಾಲಿಗೂ ಜಾಗ ಬೇಕು. ನಾನು ಬರೆದಿದ್ದು ನಿಂತ ಕಾರಿನ ಅಳತೆ. ಬಿಚ್ಚಿದ ಕಾರಿನ ಅಳತೆಯೇ ಬೇರೆ.

ನಕ್ಷೆ ಮಡಚಿಟ್ಟು ಸೀಮೆಸುಣ್ಣ ಹಿಡಿದು ಹೋದೆ. ಮೂರು ದಿನ, ಗಂಟೆಗೊಮ್ಮೆ, ಕಾರು ಎಲ್ಲಿದೆ, ಆಳು ಎಲ್ಲಿ ಕೂತಿದ್ದಾನೆ, ಬಿಚ್ಚಿದ ಚಕ್ರ ಎಲ್ಲಿ ಉರುಳಿದೆ ಎಂದು ನೆಲದ ಮೇಲೆ ಗೆರೆ ಎಳೆದೆ. ಹುಡುಗರು ನಕ್ಕರು. ಆದರೆ ಗೆರೆಗಳು ಒಂದು ವಿಷಯ ಹೇಳಿದವು: ನಿಂತ ಕಾರುಗಳಲ್ಲಿ ಹೆಚ್ಚಿನವು ಕಾಯುತ್ತಿದ್ದವು. ಒಂದಕ್ಕೆ ಸ್ಪೇರ್ ಬಂದಿಲ್ಲ, ಇನ್ನೊಂದರ ಮಾಲೀಕರು ಹೂಂ ಅಂದಿಲ್ಲ, ಮತ್ತೊಂದರ ಪುಟ್ಟಿ ಒಣಗಿಲ್ಲ. ಕೆಲಸ ನಡೆಯುವ ಕಾರು ಮಾತ್ರ ಒಂದೆಡೆ ನಿಲ್ಲದು. ಮೆಕ್ಯಾನಿಕ್‌ನಿಂದ ಎಲೆಕ್ಟ್ರಿಷಿಯನ್ ಕಡೆಗೆ, ಅಲ್ಲಿಂದ ಟಿಂಕರಿಂಗ್‌ಗೆ, ಕೈಯಲ್ಲಿ ತಳ್ಳಿಕೊಂಡೇ ಓಡಾಟ. ಘಾನಾದ ಕುಮಾಸಿಯಲ್ಲಿರುವ ಸುವಾಮೆ ಮ್ಯಾಗಜೀನ್ ಎಂಬ ದೊಡ್ಡ ರಿಪೇರಿ ಪ್ರದೇಶ ಬೆಳೆದಿದ್ದೂ ಈ ನಂಟಿನ ಮೇಲೆಯೇ: ಒಬ್ಬ ಇಂಜಿನ್ ಇಳಿಸುತ್ತಾನೆ, ಹತ್ತಿರದಲ್ಲೇ ಇನ್ನೊಬ್ಬ ಲೇತಿನಲ್ಲಿ ಬಿಡಿಭಾಗ ತಯಾರಿಸುತ್ತಾನೆ. ನನ್ನ ನಕ್ಷೆಯಲ್ಲಿ ನಡುವಿನ ಗೋಡೆಗಳನ್ನೆಲ್ಲ ಅಳಿಸಿಬಿಟ್ಟೆ. ಸ್ಪಾನರ್ ನೇತುಹಾಕಲು ಹಿಂದಿನ ಗೋಡೆಯೊಂದು ಸಾಕು.

ಕಾರಿನ ಅಡಿ ಇಳಿದು ಕೆಲಸ ಮಾಡುವ ಗುಂಡಿ, ಪಿಟ್, ಬೇಕೇ ಬೇಕು ಅಂದರು. ಇದೊಂದಕ್ಕೆ ನಾನು ಒಪ್ಪಲಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗುಂಡಿಯ ತಳದಲ್ಲಿ ಕೂರುತ್ತದೆ. ಕೈಲಾಂಪಿನ ಒಂದು ಕಿಡಿ ಸಾಕು. ಬದಲಿಗೆ ಎರಡು ಕಂಬದ ಲಿಫ್ಟ್ ಇಡಲು ಮುಂಭಾಗದ ಚಾವಣಿಯನ್ನು 4 ಮೀಟರ್‌ಗೆ ಏರಿಸಿದೆ. ಹಿಂಭಾಗದಲ್ಲಿ ತಗ್ಗಿಸಿ, ಬಂಪರ್, ಸೀಟು ಎಸೆಯಲು ಅಟ್ಟ ಮಾಡಿದೆ. ಅಟ್ಟ ವಾರದಲ್ಲೇ ತುಂಬಿತು.

ಪೇಂಟರ್ ಕೇಳಿದ್ದು ಬೆಳಕು. ಟ್ಯೂಬ್‌ಲೈಟಿನಡಿ ಒಂದೇ ಅನಿಸುವ ಎರಡು ಬಣ್ಣ ಬಿಸಿಲಿಗೆ ಬಂದರೆ ಬೇರೆಬೇರೆ; ಬಾಗಿಲೊಂದು ಬಣ್ಣ, ಫೆಂಡರ್ ಇನ್ನೊಂದು. ಹಗಲ ಬೆಳಕಿದ್ದೂ ನೇರ ಬಿಸಿಲು ಬೀಳದ ತುದಿ ಅವನಿಗೆ ಹೋಯಿತು. ಗ್ರೈಂಡರಿನ ಕಿಡಿಯಿಂದ ಥಿನ್ನರ್ ದೂರವಾಗಿದ್ದು ಲಾಭ.

ಫುಟ್‌ಪಾತ್ ವಿಷಯದಲ್ಲಿ ನನಗೆ ಮೆಕ್ಯಾನಿಕ್‌ಗಳ ಮೇಲೆ ತಕರಾರಿತ್ತು, ಈಗಲೂ ಇದೆ. ನಡೆಯುವವರನ್ನು ರಸ್ತೆಗೆ ಇಳಿಸುವುದು ತಪ್ಪೇ. ಆದರೆ ಅಲ್ಲೇ ಯಾಕೆ ನಿಲ್ಲಿಸುತ್ತಾರೆ ಎಂಬುದೂ ಗೆರೆಗಳಲ್ಲಿ ಕಂಡಿತ್ತು: ಗಿರಾಕಿ ಗಾಜು ಇಳಿಸಿ, ಇಂಜಿನ್ ಆರಿಸದೆ, "ಏನೋ ಸದ್ದು ಬರ್ತಿದೆ ನೋಡಿ" ಅನ್ನುವುದು ಅಂಚಿನಲ್ಲೇ. ಅದಕ್ಕಾಗಿ ಕಟ್ಟಡವನ್ನೇ ಒಂದು ಕಾರಿನಷ್ಟು ಹಿಂದಕ್ಕೆ ಸರಿಸಿದೆ.

ದೊಡ್ಡ ತಪ್ಪು ಮಾಡಿದ್ದು ಮೋರಿಯಲ್ಲಿ. ನೆಲ ತೊಳೆದ ನೀರು ಮೂರು ಅರೆಗಳ ತೊಟ್ಟಿಗೆ ಹೋಗಿ, ಎಣ್ಣೆ ಮೇಲೆ ತೇಲಿ ನಿಂತು, ಅಡಿಯ ನೀರು ಮಾತ್ರ ಮುಂದೆ ಹೋಗಬೇಕು. ಲೆಕ್ಕ ಸರಿಯಿತ್ತು. ಪೈಪ್ ಉಳಿಸಲು ಚಾವಣಿಯ ಮಳೆನೀರನ್ನೂ ಅದೇ ತೊಟ್ಟಿಗೆ ಬಿಟ್ಟಿದ್ದೆ. ಮೊದಲ ಜೋರು ಮಳೆಗೆ, ತಿಂಗಳಿಂದ ಕೂಡಿದ್ದ ಕಪ್ಪು ಆಯಿಲೆಲ್ಲ ಉಕ್ಕಿ ರಸ್ತೆಗೆ ಬಂತು, ಕಾಮನಬಿಲ್ಲಿನ ಬಣ್ಣದಲ್ಲಿ. ನಾನು ಓಡಿ ಹೋಗುವಷ್ಟರಲ್ಲಿ ಆ ಹಿರಿಯರು ಮರದ ಹೊಟ್ಟು ಚೆಲ್ಲಿ ತಡೆ ಹಾಕಿದ್ದರು. ಮಳೆ ಪೈಪನ್ನು ಬೇರೆ ಮಾಡಿಸುವ ಖರ್ಚು ನಾನೇ ಹಾಕಿಕೊಂಡೆ. ತೊಟ್ಟಿಯ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಯಾರೋ ಹುಡುಗ ಒಂದು ಕೊಡೆಯ ಚಿತ್ರ ಬರೆದಿಟ್ಟಿದ್ದ.