3, 4, 5 ನಟ್‌ಗಳಲ್ಲಿ ಲಂಬ ಬಲಗಳ ಮೊತ್ತ: ನನ್ನ ಅನುಭವ

3 ನ್ಯೂಟನ್ ಒಂದು ಕಡೆ, 4 ನ್ಯೂಟನ್ ಅದಕ್ಕೆ ಲಂಬವಾಗಿ. ಫಲಿತ ಬಲ, ಅಂದರೆ ಎರಡೂ ಸೇರಿ ಆಗುವ ಒಟ್ಟು ಎಳೆತ, ಎಷ್ಟು? ಪ್ರಥಮ ಪಿಯುಸಿ ಮಕ್ಕಳು ಪರೀಕ್ಷೆಯಲ್ಲಿ 5 ಅಂತ ಸರಿಯಾಗೇ ಬರೆಯುತ್ತಾರೆ. ಮಾರನೇ ದಿನ ಸುಮ್ನೆ ಕೇಳಿದರೆ ಅರ್ಧ ಕ್ಲಾಸು 7 ಅನ್ನುತ್ತದೆ. ಇದನ್ನು ಕಣ್ಣಾರೆ ತೋರಿಸಲೇಬೇಕು ಅಂತ ಹಠ ಹಿಡಿದು ಮಾಡಿದ ಬೋರ್ಡ್ ಈಗ ಚೆನ್ನಾಗಿ ನಡೆಯುತ್ತಿದೆ. ನಿಲ್ಲಿಸಿದ ಹಲಗೆ, ಮೇಲೆ ಎರಡು ರಾಟೆ, ಅವುಗಳ ಮೇಲಿಂದ ಬಂದ ಎರಡು ದಾರಕ್ಕೆ ನಡುವೆ ಮೂರನೆಯದನ್ನು ಸೇರಿಸಿ ಗಂಟು, ಮೂರೂ ತುದಿಗೆ ತೂಕ. "ಸರ್, ನಟ್ಟು ದಾರ ಕಟ್ಟಿದರೆ ವೆಕ್ಟರ್ ಬರಲ್ಲ, ಘರ್ಷಣೆನೇ ಎಲ್ಲಾ ತಿಂದುಬಿಡುತ್ತೆ" ಅಂದಿದ್ದವರೇ ಈಗ ತಮ್ಮ ಕ್ಲಾಸಿಗೆ ಹೊತ್ತೊಯ್ಯುತ್ತಾರೆ.

ಮೊದಲು ದುಡ್ಡು ಹೋಗಿದ್ದು ಬ್ಯಾಗ್ ತೂಗುವ ಡಿಜಿಟಲ್ ತಕ್ಕಡಿಗಳಿಗೆ. ಎರಡಕ್ಕೆ ಆರೇಳು ನೂರು. ಎಳೆಯುವ ಮಕ್ಕಳ ಕೈ ನಡುಗುತ್ತಿತ್ತು, ಅಂಕಿ ನಿಲ್ಲುತ್ತಿರಲಿಲ್ಲ. ಲ್ಯಾಬಿನ ಸ್ಪ್ರಿಂಗ್ ತಕ್ಕಡಿಯನ್ನು ಅಡ್ಡ ಹಿಡಿದರೆ ಕೊಕ್ಕೆಯ ಭಾರ ಸ್ಪ್ರಿಂಗ್ ಮೇಲೆ ಬೀಳುವುದಿಲ್ಲ, ಸೊನ್ನೆಯೇ ಸರಿದುಬಿಡುತ್ತದೆ. ಇದೇ ಕೆಲಸಕ್ಕೆ ರೆಡಿಮೇಡ್ ಸಿಗುವ ಗ್ರೇವ್‌ಸ್ಯಾಂಡ್ ಬೋರ್ಡ್ ಕೊಳ್ಳೋಣ ಅಂದರೆ ಎರಡು ಸಾವಿರದ ಮೇಲೆ ಹೇಳಿದರು, ತೂಕದ ಬಿಲ್ಲೆಗಳು ಬೇರೆ. ಅಷ್ಟು ಕೊಡುವವರು ಯಾರು?

ಹಾಗಾಗಿ ಹಾರ್ಡ್‌ವೇರ್ ಅಂಗಡಿಗೆ ಹೋದೆ. 16 ಎಂಎಂ ನಟ್ ಒಂದು ಕಿಲೋ ತಂದೆ, ನೂರೈವತ್ತರ ಒಳಗೇ ಆಯಿತು. ಕಿಲೋಗೆ ಮೂವತ್ತರ ಹತ್ತಿರ ಬರುತ್ತವೆ. ಒಂದೊಂದರ ತೂಕ ನೋಡುವ ಗೊಡವೆ ಬೇಡ. ಎಲ್ಲಾ ಒಂದೇ ಲಾಟಿನದಾದರೆ ಎಣಿಸಿದರೆ ಸಾಕು.

ರಾಟೆಯದ್ದೇ ದೊಡ್ಡ ಗೋಳು. ಪರದೆಗೆ ಹಾಕುವ ಪ್ಲಾಸ್ಟಿಕ್ ರಾಟೆ ಹಾಕಿದರೆ ನಡುವಿನ ಗಂಟು ಬಿಟ್ಟಲ್ಲೇ ನಿಲ್ಲುತ್ತಿತ್ತು. ಒಮ್ಮೆ 80 ಡಿಗ್ರಿ, ಒಮ್ಮೆ 100. ತಂಗೂಸಿ ದಾರ ಬಿರುಸು, ಗಂಟಿನ ಹತ್ತಿರ ಡೊಂಕಾಗುತ್ತದೆ. ಕೊನೆಗೆ ಕೈಹಿಡಿದದ್ದು 608 ನಂಬರ್ ಬಾಲ್ ಬೇರಿಂಗ್ ಮತ್ತು ಟೈಲರ್ ದಾರ. ಬೇರಿಂಗ್ ಒಂದಕ್ಕೆ ಮೂವತ್ತು ನಲವತ್ತು ರೂಪಾಯಿ. ಒಳಗಿನ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆಯಲೇಬೇಕು. ತೊಳೆದ ಮೇಲೆ ಏನು ಹಾಕುತ್ತೇನೆ, ದಾರ ಕೂರುವ ತೋಡು ಇಲ್ಲದ ಬೇರಿಂಗ್ ಮೇಲಿಂದ ದಾರ ಜಾರದ ಹಾಗೆ ಏನು ಮಾಡಿದ್ದೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಬಡಗಿ ಬಿಸಾಕಿದ್ದ ಮೂರಡಿ ಪ್ಲೈವುಡ್ ಸೇರಿ ಒಟ್ಟು ಮುನ್ನೂರು ದಾಟಿಲ್ಲ.

ಈಗ ಎಡಕ್ಕೆ 3 ನಟ್, ಬಲಕ್ಕೆ 4, ನಡುವೆ 5. ಗಂಟು ನಿಂತಾಗ ನಡುವಿನ ಭಾರವನ್ನು ಹಿಡಿದಿರುವುದು ಪಕ್ಕದ ಎರಡರ ಫಲಿತವೇ. ಗಂಟನ್ನು ಮೇಲೆತ್ತಿ ಬಿಡಿ, ಕೆಳಗೆಳೆದು ಬಿಡಿ, ಬೋರ್ಡನ್ನು ಮೆಲ್ಲಗೆ ತಟ್ಟಿ. ಎರಡು ದಾರಗಳ ನಡುವೆ ಎ4 ಹಾಳೆಯ ಮೂಲೆ ಇಟ್ಟರೆ ಸರಿಯಾಗಿ ಕೂರುತ್ತದೆ. ನಾವು ಲಂಬಕೋನ ಅಳೆದು ಇಟ್ಟಿಲ್ಲ, ನಟ್‌ಗಳೇ ಅದನ್ನು ಹುಡುಕಿಕೊಂಡವು! ಒಂದು ಬೇರಿಂಗನ್ನು ಅರ್ಧ ಅಡಿ ಕೆಳಗಿಳಿಸಿದೆ. ಕೋನ ಬದಲಾಗುತ್ತೆ ಅಂತ ಎಲ್ಲರೂ ಕೂಗಿದರು. ಗಂಟು ಸರಿಯಿತು, ಕೋನ ಹಾಗೇ ಉಳಿಯಿತು. 4 ನಟ್‌ನ ದಾರ ನೇರ ನೆಟ್ಟಗೆ ಇರುವ ಗೆರೆಯಿಂದ ಸುಮಾರು 37 ಡಿಗ್ರಿ, 3ರದ್ದು 53. ಜಾಸ್ತಿ ಎಳೆಯುವ ಕಡೆಗೇ ಫಲಿತ ವಾಲುತ್ತದೆ ಅಂತ ಹೇಳಿಕೊಡುವ ಕೆಲಸವೇ ಉಳಿಯಲಿಲ್ಲ. ಹಿಂದೆ ಹಾಳೆ ಇಟ್ಟು, ಒಂದು ನಟ್‌ಗೆ 2 ಸೆಂ.ಮೀ. ಲೆಕ್ಕದಲ್ಲಿ ಗೆರೆ ಎಳೆಸಿದೆ. ಕರ್ಣ 10ಕ್ಕೆ ಎರಡು ಮೂರು ಮಿಲಿಮೀಟರ್ ಆಚೀಚೆ ಬಂತು.

ಆಮೇಲೆ ಸುಮ್ಮನಿರಲು ಆಗಲಿಲ್ಲ. ಪಕ್ಕದಲ್ಲಿ 3, 4 ಹಾಗೇ ಇಟ್ಟು ನಡುವೆ 6 ಹಾಕಿದರೆ ದಾರಗಳು 63 ಡಿಗ್ರಿಯ ಆಸುಪಾಸಿಗೆ ಹತ್ತಿರವಾದವು, 4 ಹಾಕಿದರೆ 112ರ ಹತ್ತಿರ ಅಗಲವಾದವು. 5, 5, 7 ಹಾಕಿದರೂ ಹಾಳೆಯ ಮೂಲೆ ಕೂರುತ್ತದೆ. ಲೆಕ್ಕದಲ್ಲಿ ಅದು 91 ಡಿಗ್ರಿ. 7, 7, 10 ಆದರೆ 89. ಆ ಒಂದು ಡಿಗ್ರಿ ಈ ಬೋರ್ಡಿನಲ್ಲಿ ಕಾಣುವುದಿಲ್ಲ, ಆದರೆ 7/5, 10/7 ಎರಡೂ ಎರಡರ ವರ್ಗಮೂಲಕ್ಕೆ ಹತ್ತಿರ, ಹಾಗಾಗಿ ಆ ಪಾಠ ಅಲ್ಲೇ ಮುಗಿಯುತ್ತದೆ. 5, 12, 13ಕ್ಕೆ ಇಡೀ ಕಿಲೋ ನಟ್ ಬೇಕು, ದಾರ ಎರಡೆಳೆ ಇರಲಿ.

7 ಅಂದವರಿಗೆ 7 ನಟ್ಟನ್ನೇ ಕೊಟ್ಟು ನಡುವೆ ನೇತುಹಾಕಲು ಹೇಳಿ. ಗಂಟು ಎಲ್ಲೂ ನಿಲ್ಲದೆ ಇಳಿಯುತ್ತಾ ಹೋಗುತ್ತದೆ, ಪಕ್ಕದ ನಟ್‌ಗಳು ಮೇಲೇರಿ ಬೇರಿಂಗ್‌ಗೆ ಬಡಿಯುತ್ತವೆ. ಕೆಳಗೆ ಗೋಣಿಚೀಲ ಹಾಸಿರಿ, ಕಾಲು ದೂರ ಇರಲಿ.