ತಾಳಿಕೋಟೆ ಕದನದ ವಿಕಿಪೀಡಿಯ ಪುಟವನ್ನು ಓದುವ ಬಗೆ

ಪದವಿ ತರಗತಿಗೆ ಇತಿಹಾಸ ಕಲಿಸುವ ನನ್ನ ಮೇಜಿಗೆ ಬರುವ ಪ್ರಬಂಧಗಳಲ್ಲಿ ಹೆಚ್ಚಿನವು ವಿಕಿಪೀಡಿಯದಿಂದ ಇಳಿದವು. ಅದಕ್ಕಾಗಿ ಯಾರನ್ನೂ ಗದರುವುದಿಲ್ಲ. ನಾನೂ ಮೊದಲು ಹೋಗುವುದು ಅಲ್ಲಿಗೇ. ಆದರೆ ಓದಲು ಶುರುಮಾಡುವುದು ಪುಟದ ತಳದಿಂದ, ಅಡಿಟಿಪ್ಪಣಿಗಳಿಂದ. ವಿಜಯನಗರವೂ ದಖನ್ನಿನ ಸುಲ್ತಾನರೂ ಸೆಣಸಿದ 1565ರ ಜನವರಿ 23ರ ತಾಳಿಕೋಟೆ ಕದನವನ್ನೇ ತೆಗೆದುಕೊಳ್ಳೋಣ.

ಟಿಪ್ಪಣಿಗಳೆಲ್ಲ ವಿಜಯನಗರದ ಬಗ್ಗೆ ರಾಬರ್ಟ್ ಸಿವೆಲ್ ಬರೆದ 1900ರ ಪುಸ್ತಕದಲ್ಲೇ ನಿಂತಿದ್ದರೆ, ಆ ಲೇಖನದ ತಿಳಿವಳಿಕೆಗೂ ಅಷ್ಟೇ ವಯಸ್ಸು. ಸಿವೆಲ್ ದೊಡ್ಡ ಕೆಲಸ ಮಾಡಿದವನು, ಸಂಶಯವಿಲ್ಲ. ಆದರೆ ಆಗ ವಿಜಯನಗರದ ಆಡಳಿತ ನಡೆಸುತ್ತಿದ್ದ ರಾಮರಾಯನ ರಾಜಕಾರಣವನ್ನು ಬೇರೆ ಕಣ್ಣಿನಿಂದ ನೋಡಿದ ಇತಿಹಾಸಕಾರ ರಿಚರ್ಡ್ ಈಟನ್‌ನಂಥವರ ಹೆಸರು ಎಲ್ಲಿಯೂ ಕಾಣದಿದ್ದರೆ ಬರೆದವರು ಓದು ನಿಲ್ಲಿಸಿ ಬಹಳ ಕಾಲವಾಗಿದೆ ಎಂದರ್ಥ. ಇನ್ನೊಂದು ತಮಾಷೆಯನ್ನೂ ಗಮನಿಸಿ: ಕದನದ ವಿವರಕ್ಕೆ ವಿಜಯನಗರ ಕಂಡ ಪೋರ್ಚುಗೀಸರಾದ ಡೊಮಿಂಗೊ ಪಯಸ್ ಅಥವಾ ನ್ಯೂನಿಜ್‌ನನ್ನು ಸಾಕ್ಷಿ ಕರೆದಿದ್ದರೆ ಪುಟವನ್ನು ಅಲ್ಲಿಗೇ ಮುಚ್ಚಬಹುದು. ಒಬ್ಬ ಬರೆದದ್ದು 1520ರ ಸುಮಾರಿಗೆ, ಇನ್ನೊಬ್ಬ 1535ರ ಆಸುಪಾಸಿನಲ್ಲಿ.

ಆಮೇಲೆ ಒಂದೇ ಒಂದು ವಾಕ್ಯವನ್ನು ಹಿಡಿದು ಬೇರಿನವರೆಗೂ ಹೋಗಬೇಕು. ನಾನು ಆರಿಸುವುದು 'ವಿಜಯನಗರದ ಇಬ್ಬರು ಮುಸ್ಲಿಂ ಸರದಾರರು ರಣರಂಗದಲ್ಲಿ ದ್ರೋಹ ಬಗೆದರು' ಎಂಬ ವಾಕ್ಯವನ್ನು. ಇದನ್ನು ಹೇಳಿದವನು ಸೆಸಾರೆ ಫೆಡೆರಿಚಿ ಎಂಬ ವೆನಿಸ್‌ನ ವ್ಯಾಪಾರಿ. ಅವನು ವಿಜಯನಗರಕ್ಕೆ ಬಂದದ್ದು 1567ರಲ್ಲಿ, ಯುದ್ಧ ಮುಗಿದು ಎರಡು ವರ್ಷಕ್ಕೆ. ಅವನ ಪುಸ್ತಕ ಅಚ್ಚಾದದ್ದು 1587ರಲ್ಲಿ. ಅತ್ತ ಬಿಜಾಪುರದ ಆಸ್ಥಾನದಲ್ಲಿ ಕುಳಿತು, ಹದಿನೇಳನೆಯ ಶತಮಾನದ ಆರಂಭದಲ್ಲಿ ಬರೆದ ಚರಿತ್ರೆಕಾರ ಫೆರಿಷ್ತಾ ಅಹಮದ್‌ನಗರದ ಫಿರಂಗಿಗಳನ್ನು, ಅವುಗಳೊಳಗೆ ತುಂಬಿ ಹಾರಿಸಿದ ತಾಮ್ರದ ನಾಣ್ಯಗಳನ್ನು ಮುಂದೆ ಮಾಡುತ್ತಾನೆ. ಇಬ್ಬರೂ ಕಣ್ಣಾರೆ ಕಂಡವರಲ್ಲ. ಒಬ್ಬ ಊರಿನಲ್ಲಿ ಕೇಳಿದ್ದನ್ನು ಬರೆದ, ಇನ್ನೊಬ್ಬ ಗೆದ್ದವರ ಅನ್ನ ಉಂಡು ಬರೆದ. ಒಳ್ಳೆಯ ಲೇಖನ 'ಫೆಡೆರಿಚಿಯ ಪ್ರಕಾರ' ಎಂದು ಹೇಳಿ ಮುಂದಕ್ಕೆ ಹೋಗುತ್ತದೆ. ಕಳಪೆ ಲೇಖನ ದ್ರೋಹವನ್ನು ತಾನೇ ನಿಂತು ನೋಡಿದಂತೆ ವರ್ಣಿಸಿ, ಅಡಿಯಲ್ಲಿ ಯಾವುದೋ ಪತ್ರಿಕೆಯ ಭಾನುವಾರದ ಅಂಕಣವನ್ನು ಅಂಟಿಸುತ್ತದೆ.

ಬಲಬದಿಯ ಚೌಕದಲ್ಲಿರುವ ಸೈನ್ಯದ ಲೆಕ್ಕವನ್ನು ನಾನು ಓದುವುದೇ ಇಲ್ಲ. ಆ ಕಾಲದ ಬರಹಗಾರರಿಗೆ ಲಕ್ಷ ಎಂದರೆ 'ಬಹಳ' ಎಂದಷ್ಟೇ. ಅಂಕಿಯ ಪಕ್ಕದಲ್ಲಿ ಹೇಳಿದವನ ಹೆಸರಿದ್ದರೆ ಮಾತ್ರ ಒಂದು ಕ್ಷಣ ನಿಲ್ಲಿ.

ಕಾರಣಗಳ ಭಾಗಕ್ಕೆ ಮಾತ್ರ ಸಮಯ ಕೊಡಿ, ಲೇಖಕರ ಒಲವು ಬಯಲಾಗುವುದು ಅಲ್ಲೇ. 1558ರ ಹೊತ್ತಿಗೆ ರಾಮರಾಯನೂ ಬಿಜಾಪುರದ ಅಲಿ ಆದಿಲ್ ಶಾಹನೂ ಜೊತೆಯಾಗಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದರು. ಮುಂದೆ ಅಹಮದ್‌ನಗರದ ಚಾಂದ್ ಬೀಬಿಯನ್ನು ಅಲಿಗೆ ಮದುವೆ ಮಾಡಿಕೊಟ್ಟು, ಬಳುವಳಿಯಾಗಿ ಸೊಲ್ಲಾಪುರದ ಕೋಟೆಯನ್ನು ಬಿಟ್ಟುಕೊಟ್ಟಾಗ ಲೆಕ್ಕಾಚಾರ ತಲೆಕೆಳಗಾಯಿತು. ಈ ಸೊಲ್ಲಾಪುರದ ಪ್ರಸ್ತಾಪವೇ ಇಲ್ಲದೆ ನೇರವಾಗಿ ಧರ್ಮಯುದ್ಧಕ್ಕೆ ಹಾರುವ ಪುಟವನ್ನು ನಾನು ನಂಬುವುದಿಲ್ಲ. ಅದು ಯಾರ ಪರ ಹಾರಿದರೂ ಅಷ್ಟೇ. ಕದನಕ್ಕೆ ಬಂದ ಸುಲ್ತಾನರು ನಾಲ್ವರು, ಐದನೆಯ ರಾಜ್ಯವಾದ ಬೀರಾರ್ ದೂರ ಉಳಿದಿತ್ತು. 'ಐವರು ಸುಲ್ತಾನರು' ಎಂದು ಬರೆದಿದ್ದರೆ ಉಳಿದದ್ದನ್ನೂ ಅನುಮಾನದಿಂದಲೇ ಓದಿ.

ಸ್ಥಳದ ಬಗ್ಗೆಯೂ ನೋಡಿ. ತಾಳಿಕೋಟೆ ಇರುವುದು ಕೃಷ್ಣೆಯ ಉತ್ತರಕ್ಕೆ, ಸುಲ್ತಾನರ ಪಡೆ ಬೀಡುಬಿಟ್ಟ ಕಡೆ. ಕಾದಾಟ ನಡೆದ ನೆಲದ ಬಗ್ಗೆ ರಕ್ಕಸಗಿ-ತಂಗಡಗಿ, ಬನ್ನಿಹಟ್ಟಿ ಎಂದು ಚರ್ಚೆ ಇದೆ. ಆ ಚರ್ಚೆಯನ್ನು ಒಪ್ಪಿಕೊಂಡ ಲೇಖನಕ್ಕೆ ನನ್ನಿಂದ ಎರಡು ಅಂಕ ಹೆಚ್ಚು.

ಕೊನೆಗೆ 'ಚರ್ಚೆ' ಮತ್ತು 'ಇತಿಹಾಸ' ಎಂಬ ಕೊಂಡಿಗಳನ್ನು ಒತ್ತಿ. ಒಂದೇ ವಿಶೇಷಣವನ್ನು ಒಬ್ಬರು ಹಾಕಿ, ಇನ್ನೊಬ್ಬರು ತೆಗೆದು, ವಾರಗಟ್ಟಲೆ ಎಳೆದಾಡಿದ್ದರೆ ಆ ಪ್ಯಾರಾವನ್ನು ಪಕ್ಕಕ್ಕಿಡಿ. ಪ್ರತಿ ಆವೃತ್ತಿಗೂ ಅಲ್ಲಿ ದಿನಾಂಕವಿರುವ ಶಾಶ್ವತ ಕೊಂಡಿ ಸಿಗುತ್ತದೆ. ನನ್ನ ವಿದ್ಯಾರ್ಥಿಗಳು ಪ್ರಬಂಧದ ಅಡಿಯಲ್ಲಿ ಆ ದಿನಾಂಕವನ್ನು ಬರೆಯಬೇಕು, ಜೊತೆಗೆ ತಾವು ತೆರೆದು ನೋಡಿದ ಒಂದಾದರೂ ಅಡಿಟಿಪ್ಪಣಿಯ ಪುಟಸಂಖ್ಯೆಯನ್ನೂ.