ಓದಿ ಅಳು ಬಂದ ಪುಸ್ತಕಕ್ಕೊಂದು ರೀಲ್

ಪುಸ್ತಕ ಮುಗಿದ ಅರ್ಧ ಗಂಟೆಯೊಳಗೆ ಫೋನಿನ ವಾಯ್ಸ್ ರೆಕಾರ್ಡರ್ ತೆರೆದು, ಬಾಯಿಗೆ ಬಂದಂತೆ ಎರಡು ನಿಮಿಷ ಮಾತಾಡಿ. ಇದು ಯಾರಿಗೂ ತೋರಿಸಲಿಕ್ಕಲ್ಲ. ಮರುದಿನಕ್ಕೆ ಇಟ್ಟರೆ ಉಳಿಯುವುದು 'ತುಂಬಾ ಚೆನ್ನಾಗಿದೆ, ಎಲ್ಲರೂ ಓದಿ' ಎಂಬ ಮಾತಷ್ಟೇ. ಗಂಟಲು ಕಟ್ಟಿದ ಪುಟಕ್ಕೆ ಓದುವಾಗಲೇ ಪೆನ್ಸಿಲ್ ಗೀಟು ಹಾಕಿಡಿ. ಲೈಬ್ರರಿ ಪುಸ್ತಕವಾದರೆ ಚೀಟಿ ಇಡಿ.

ಆಮೇಲೆ ಆ ರೆಕಾರ್ಡಿಂಗ್ ಕೇಳಿಸಿಕೊಂಡು ಬರೆದುಕೊಳ್ಳಿ: ಆ ಪುಟದಲ್ಲಿ ಯಾರಿದ್ದಾರೆ, ಏನು ನಡೆಯುತ್ತಿದೆ, ಅದು ನಿಮ್ಮಲ್ಲಿ ಯಾವುದನ್ನು ಮುಟ್ಟಿತು. ಮೂರನೆಯದೇ ರೀಲಿನ ಜೀವ. 'ಅಜ್ಜಿ ಸತ್ತಾಗ ಅಳು ಬಂತು' ಎನ್ನುವುದಕ್ಕಿಂತ 'ಅಜ್ಜಿ ಹೋದ ಮೇಲೂ ಹುಡುಗಿ ಎರಡು ಲೋಟಕ್ಕೆ ಚಹಾ ಸೋಸಿದಳು, ಅಲ್ಲಿ ತಡೆಯಲಿಲ್ಲ' ಎಂದರೆ ಕೇಳುವವರಿಗೂ ತಟ್ಟುತ್ತದೆ. ಶಿರಸಿಯವರು 'ಸಂಕಟ ಆತು' ಅಂದರೆ ಅದೇ ಸರಿ, ಪುಸ್ತಕದ ಭಾಷೆಗೆ ತಿದ್ದಬೇಡಿ. 45 ಸೆಕೆಂಡಿಗೆ ಸುಮಾರು 70 ಪದ ಸಾಕು. ಕೊನೆಯ ತಿರುವನ್ನು ಮಾತ್ರ ಬಿಟ್ಟುಕೊಡಬೇಡಿ.

ಕಾರವಾರದ ಕಡಲತೀರದಲ್ಲಿ ಚಿತ್ರೀಕರಿಸುವುದಾದರೆ ಬೆಳಿಗ್ಗೆ ಹೋಗಿ. ಸೂರ್ಯ ಗುಡ್ಡದ ಕಡೆಯಿರುತ್ತಾನೆ. ಸಮುದ್ರಕ್ಕೆ ಬೆನ್ನು ಮಾಡಿ ನಿಂತರೆ ಬೆಳಕು ಮುಖಕ್ಕೆ ಬೀಳುತ್ತದೆ. ಸಂಜೆ ಹಾಗೇ ನಿಂತರೆ ಮುಖ ಕಪ್ಪು. ಮಧ್ಯಾಹ್ನದ ಮೇಲೆ ಕಡಲಗಾಳಿ ಮೈಕಿಗೆ ಬಡಿದು ಮಾತೇ ಕೇಳಿಸದು. ಶಿರಸಿಯ ಮಳೆಗಾಲದಲ್ಲಿ ತಗಡಿನ ಮಾಡಿನ ಸದ್ದು ಇದೇ ಕೆಲಸ ಮಾಡುತ್ತದೆ. ಎರಡಕ್ಕೂ ಉಪಾಯ ಒಂದೇ: ದೃಶ್ಯ ಬೇರೆ ತೆಗೆದು, ಮಳೆ ಬಿಟ್ಟಾಗ ಕೋಣೆಯಲ್ಲಿ ತಲೆತುಂಬ ಕಂಬಳಿ ಹೊದ್ದು, ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿದು ಧ್ವನಿ ರೆಕಾರ್ಡ್ ಮಾಡಿ, ಎಡಿಟಿಂಗಿನಲ್ಲಿ ಎರಡನ್ನೂ ಸೇರಿಸಿ.

ಕಣ್ಣೀರು ಬಂದರೆ ಬರಲಿ, ತರಿಸಿಕೊಳ್ಳಬೇಡಿ. ಹಿನ್ನೆಲೆಗೆ ದುಃಖದ ಹಾಡು ಬೇಡವೇ ಬೇಡ. ಅಳಿಸಿದ್ದು ಹಾಡೋ ಪುಸ್ತಕವೋ ತಿಳಿಯುವುದಿಲ್ಲ. ಪುಸ್ತಕದಿಂದ ಎರಡು ಮೂರು ಸಾಲು ಓದಿ, ಇಡೀ ಪುಟದ ಫೋಟೋ ಹಾಕಬೇಡಿ: ಹಕ್ಕು ಲೇಖಕರದ್ದು. ತೆರೆಯ ಮೇಲಿನ ಅಕ್ಷರಗಳು ನಡುಭಾಗದಲ್ಲಿರಲಿ. ಕೆಳಗಿಟ್ಟರೆ ಖಾತೆಯ ಹೆಸರು, ಕ್ಯಾಪ್ಷನ್ ಮುಚ್ಚಿಬಿಡುತ್ತವೆ. ಕ್ಯಾಪ್ಷನ್ನಿನಲ್ಲಿ ಪುಸ್ತಕ, ಲೇಖಕ, ಪ್ರಕಾಶಕರ ಹೆಸರು ಬರೆಯಿರಿ. ಪುಸ್ತಕದ ಹೆಸರು ಇಂಗ್ಲಿಷ್ ಅಕ್ಷರದಲ್ಲೂ ಇರಲಿ, ಹಾಗೆ ಹುಡುಕುವವರೂ ಬಹಳ.

ರೆಕಾರ್ಡ್ ಮಾಡಿದ ರಾತ್ರಿಯೇ ಹಾಕಬೇಡಿ. ಬೆಳಿಗ್ಗೆ ಇನ್ನೊಮ್ಮೆ ನೋಡಿ. ಮನೆಯ ಗುಟ್ಟೇನಾದರೂ ಬಾಯಿತಪ್ಪಿ ಬಂದಿದ್ದರೆ, ಸಮವಸ್ತ್ರದ ಮೇಲೆ ಶಾಲೆಯ ಹೆಸರು ಕಂಡರೆ ಕತ್ತರಿಸಿ. ಅಳುವ ಮುಖವನ್ನು ಅಣಕಿಸುವವರು ಬಂದೇ ಬರುತ್ತಾರೆ. ಅವರಿಗೆ ಉತ್ತರ ಕೊಡದೆ ಕಮೆಂಟ್ ಅಳಿಸಿ, 'ಈ ಪುಸ್ತಕ ಎಲ್ಲಿ ಸಿಗುತ್ತದೆ?' ಎಂದು ಕೇಳಿದವರಿಗೆ ಅಂದೇ ಉತ್ತರಿಸಿ.